ಅಗ್ನಿಶಾಮಕ ವೃತ್ತಿ ಮತ್ತು ಅದರ ಪರಿಭಾಷೆ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲಿ ಶೋಧಿಸಿದ ಅಶೋಕನ ಶಾಸನದ ಕೊನೆಯಲ್ಲಿ, ಅದನ್ನು ಬರೆದ ಚಪಡನು ತನ್ನ ಹೆಸರನ್ನು ಬ್ರಾಹ್ಮಿಯಲ್ಲಿಯೂ ‘ಲಿಪಿಕರ’ನೆಂಬ ವೃತ್ತಿನಾಮವನ್ನು ಖರೋಷ್ಠಿಯಲ್ಲಿಯೂ ಸೇರಿಸಿದ್ದಾನೆ. ಬರೆಯುವವನಿಗೆ ಅಷ್ಟು ಹಿಂದೆಯೇ ಹೆಸರಿತ್ತು. ಬೆಂಕಿಯನ್ನು ಆರಿಸುವವನಿಗೆ ಅಂತಹ ಹೆಸರು ದೊರೆತುದು ತೀರ ಈಚೆಗೆ, ಅದೂ ಅರ್ಧಂಬರ್ಧ.

ಇದಕ್ಕೆ ಕಾರಣವಿಲ್ಲದಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು (ಅದರ ಕಾಲದ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ) ನೀರಿನ ಕೊಡ, ಏಣಿ, ಕೊಡಲಿಗಳನ್ನು ಮನೆಮನೆಯಲ್ಲಿಯೂ ಇಡಿಸುತ್ತದೆ. ಉರಿಯುವ ಮನೆಯತ್ತ ಓಡಿಬಾರದ ಗೃಹಸ್ವಾಮಿಗೆ 12 ಪಣ, ಬಾಡಿಗೆದಾರನಿಗೆ 6 ಪಣ ದಂಡ ವಿಧಿಸುತ್ತದೆ. ಎಲ್ಲರ ಕರ್ತವ್ಯವಾಗಿದ್ದುದು ಯಾರೊಬ್ಬರ ವೃತ್ತಿಯೂ ಆಗಿರಲಿಲ್ಲ.

ಕನ್ನಡದ ನುಡಿಯೂ ಈ ಸ್ಥಿತಿಗೆ ಹೊಂದುವಂತೆಯೇ ಇದೆ. ಮನೆಗೆ ಬೆಂಕಿ ‘ಬೀಳುತ್ತದೆ’, ‘ಹತ್ತುತ್ತದೆ’, ಬಳಿಕ ‘ಆರುತ್ತದೆ’. ಒದ್ದೆ ಬಟ್ಟೆ ಒಣಗುವುದಕ್ಕೂ ಬಿಸಿ ಅನ್ನ ತಣ್ಣಗಾಗುವುದಕ್ಕೂ ಇದೇ ‘ಆರು’ ಧಾತು. ಎಲ್ಲೆಡೆ ಕರ್ತೃ ಬೆಂಕಿಯೇ. ‘ಆರಿಸು’, ‘ನಂದಿಸು’ ಎಂಬ ಪ್ರೇರಣಾರ್ಥಕ ರೂಪಗಳಲ್ಲಿ ಮಾತ್ರ ಮನುಷ್ಯನು ಪ್ರವೇಶಿಸುತ್ತಾನೆ.

‘ಅಗ್ನಿಶಾಮಕ’ವು ಶಮನಾರ್ಥಕವಾದ ಸಂಸ್ಕೃತ ಧಾತುವಿನಿಂದ ಬಂದುದು. ಇಂಗ್ಲಿಷಿನವರು ಬೆಂಕಿಯೊಡನೆ ಹೋರಾಡುವವನೆಂದರು; ನಮ್ಮವರು ಅದನ್ನು ಶಾಂತಗೊಳಿಸುವವನೆಂದರು. ಆದರೂ ಯುದ್ಧದ ನೆರಳು ತಪ್ಪಲಿಲ್ಲ. ‘ದಳ’ ಸೈನ್ಯದ ಮಾತು. ಪಾರಸಿ ಮೂಲದ ‘ಸಿಬ್ಬಂದಿ’ಯೂ ಹಿಂದೆ ಕಂದಾಯ ವಸೂಲಿಗೆ ನೇಮಿಸುತ್ತಿದ್ದ ತಾತ್ಕಾಲಿಕ ಸೈನಿಕರನ್ನು ಸೂಚಿಸುತ್ತಿತ್ತು. ಇನ್ನು ‘ಅಗ್ನಿಶಾಮಕ’ವು ರೂಢಿಯಲ್ಲಿ ಬಹುಮಟ್ಟಿಗೆ ಠಾಣೆಗೆ, ವಾಹನಕ್ಕೆ, ಉಪಕರಣಕ್ಕೆ ಸಲ್ಲುವ ವಿಶೇಷಣ. ಜನರು ‘ಫೈರ್ ಎಂಜಿನ್ ಬಂತು’ ಎನ್ನುತ್ತಾರೆ. ಅದರಲ್ಲಿ ಬಂದವರು ಯಾರೆನ್ನುವುದಿಲ್ಲ.

ಮಡಿದಾಗ ಮಾತ್ರ ಅವರಿಗೆ ದೊಡ್ಡ ಹೆಸರು ಸಲ್ಲುತ್ತದೆ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ‘ಫೋರ್ಟ್ ಸ್ಟಿಕೀನ್’ ಹಡಗು ಸಿಡಿದಾಗ ಬೆಂಕಿಯನ್ನು ನಂದಿಸುತ್ತಿದ್ದ 66 ಮಂದಿ ಪ್ರಾಣ ತೆತ್ತರು. ಪ್ರತಿವರ್ಷ ಆ ದಿನ ಅವರನ್ನು ‘ಹುತಾತ್ಮ’ರೆಂದು ಸ್ಮರಿಸುತ್ತೇವೆ. ‘ಹುತ’ವೆಂದರೆ ಅಗ್ನಿಯಲ್ಲಿ ಹೋಮಿಸಿದುದು. ಬೆಂಕಿಯನ್ನು ಶಮನಗೊಳಿಸಲು ಹೋದವನನ್ನು ಅದಕ್ಕೇ ಆಹುತಿಯೆನ್ನುವ ಈ ಪದದಲ್ಲಿ ಗೌರವವೇನೋ ಇದೆ. ಆದರೆ ಆಹುತಿಯೆಂದ ಮೇಲೆ ಅವನನ್ನು ಉಳಿಸಬಹುದಾಗಿತ್ತೇ, ಅವನ ಕೈಯಲ್ಲಿ ತಕ್ಕ ಸಲಕರಣೆಯಿತ್ತೇ ಎಂಬ ಪ್ರಶ್ನೆಗೆ ಎಡೆಯೇ ಉಳಿಯುವುದಿಲ್ಲ.

ನಿತ್ಯದ ಕೆಲಸವಾದರೋ ಬೇರೆಯೇ. ಚಳ್ಳಕೆರೆ, ಮೊಳಕಾಲ್ಮುರುಗಳ ಬಯಲಿನಲ್ಲಿ ಶೇಂಗಾ ಹೊಟ್ಟಿನ ಬಣವೆಗೆ ಬೆಂಕಿ ಬಿದ್ದರೆ, ಮೇಲೆ ನೀರೆರಚಿದಾಗ ಜ್ವಾಲೆ ಅಡಗುತ್ತದೆ, ಒಡಲಿನ ಕೆಂಡ ಅಡಗದು. ಬಣವೆಯನ್ನು ಕೆದರಬೇಕು, ಹರಡಬೇಕು, ಮತ್ತೆ ತೋಯಿಸಬೇಕು, ಹೊಗೆ ನಿಲ್ಲುವವರೆಗೆ ಕಾಯಬೇಕು. ಪತ್ರಿಕೆಯ ವರದಿಯಲ್ಲಿ ಇದೆಲ್ಲವೂ ‘ನಂದಿಸಿದರು’ ಎಂಬ ಒಂದೇ ಕ್ರಿಯಾಪದಕ್ಕೆ ಇಳಿಯುತ್ತದೆ. ಕುಂಬಾರಿಕೆ, ನೇಯ್ಗೆಗಳ ಮಾತನ್ನು ಸಂಗ್ರಹಿಸುವಂತೆ ಈ ಕೆಲಸದ ಮಾತನ್ನೂ ಠಾಣೆಗಳಲ್ಲಿ ಕುಳಿತು ಕೇಳಿ ಬರೆದುಕೊಳ್ಳುವುದು ವಿದ್ಯಾರ್ಥಿಗಳಿಗೆ ಅಸಾಧ್ಯವೇನಲ್ಲ.