ಬಳ್ಳೊಳ್ಳಿಗೆ ಬಿಸಿನೀರ ಸ್ನಾನ

ನಮ್ಮದು ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯ ಕಡ್ಡಿರಾಂಪುರ. ಸುತ್ತಲೂ ಬಾಳೆ, ಕಬ್ಬು, ಭತ್ತ. ಬಳ್ಳೊಳ್ಳಿ ಹಾಕುವವರು ಕಮ್ಮಿ. ನಾನು ಮಾತ್ರ ಬೋರ್ ನೀರಿನ ಹತ್ತು ಗುಂಟೆಯಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಬಿಟ್ಟವನಲ್ಲ. ಬೀಜ ನಮ್ಮವ್ವನ ಕಾಲದ್ದು. ಎಸಳು ಸಣ್ಣ, ಸುಲಿಯಲು ಬೇಜಾರು. ಆದರೆ ಒಗ್ಗರಣೆಗೆ ಬಿದ್ದರೆ ಆಚೆ ಮನೆಗೂ ಗೊತ್ತಾಗುತ್ತದೆ. ಒಳ್ಳೆಯ ಗಡ್ಡೆ ಆರಿಸಿ ಜುಟ್ಟು ಕಟ್ಟಿ ಅಟ್ಟದಲ್ಲಿ ನೇತು ಹಾಕುವುದು, ಅಕ್ಟೋಬರಿನಲ್ಲಿ ಬಿಡಿಸಿ ಊರುವುದು. ಮೂವತ್ತು ವರ್ಷದಿಂದ ಹೀಗೇ ನಡೆದಿತ್ತು.

2023ರಲ್ಲಿ ಈ ಬೀಜ ಕೈಬಿಟ್ಟು ಹೋಗುವುದರಲ್ಲಿತ್ತು.

ಆ ವರ್ಷ ಬರ. ಅಟ್ಟದಿಂದ ಇಳಿಸಿದ ಗಡ್ಡೆಗಳು ಹಗುರ ಅನಿಸಿದವು. ಸುಲಿದರೆ ಎಸಳಿನ ಮೇಲೆ ಹಳದಿ-ಕಂದು ಕಲೆ, ಕೆಲವಂತೂ ಬೆಂಡಿನ ಹಾಗೆ. ಬಿಸಿಲು ಜಾಸ್ತಿ, ಒಣಗಿವೆ ಅಂದುಕೊಂಡು ಇದ್ದುದನ್ನೇ ಊರಿದೆ. ಮೊಳಕೆ ಬಂತು, ಎಲೆ ಮಾತ್ರ ಬಿಚ್ಚಲಿಲ್ಲ. ಒಂದರ ತುದಿ ಇನ್ನೊಂದರ ಮಡಿಕೆಯೊಳಗೆ ಸಿಕ್ಕಿಕೊಂಡು, ಕುಣಿಕೆಯ ಹಾಗೆ ಬಾಗಿ ನಿಂತವು. ಅಂಚಿನಲ್ಲಿ ಹಳದಿ ಗೆರೆ.

ಅಂಗಡಿಗೆ ಹೋಗಿ "ನುಸಿ ಬಿದ್ದಿದೆ" ಅಂದೆ. ತಪ್ಪಾಗಿದ್ದೇ ಇಲ್ಲಿ. ನಮ್ಮ ಮಾತಿನಲ್ಲಿ ಥ್ರಿಪ್ಸೂ ನುಸಿ, ಮೈಟೂ ನುಸಿ. ಬರಗಾಲದಲ್ಲಿ ಉಳ್ಳಾಗಡ್ಡಿಗೆ ಥ್ರಿಪ್ಸ್ ಹೆಚ್ಚು, ಅವರು ಅದರ ಔಷಧವನ್ನೇ ಕೊಟ್ಟರು. ಎರಡು ಸಲ ಹೊಡೆದೆ. ಪಕ್ಕದ ಉಳ್ಳಾಗಡ್ಡಿ ಚೇತರಿಸಿಕೊಂಡಿತು. ಬಳ್ಳೊಳ್ಳಿ ಇದ್ದಲ್ಲೇ ಇತ್ತು.

ಕೃಷಿ ಓದುತ್ತಿರುವ ತಂಗಿಯ ಮಗ ದೀಪಾವಳಿಗೆ ಬಂದಿದ್ದ. ಒಂದು ಗಿಡ ಕಿತ್ತು, ಒಳಗಿನ ಎಲೆಯ ಬುಡ ಬಿಡಿಸಿ, ಇಪ್ಪತ್ತು ಪಟ್ಟು ದೊಡ್ಡದು ಮಾಡುವ ಮಸೂರ ಹಿಡಿದ. "ಮಾವ, ಇದಕ್ಕೆ ನಾಲ್ಕೇ ಕಾಲು" ಅಂದ. ನಾನೂ ನೋಡಿದೆ. ರವೆಯ ಪುಡಿ ತೆವಳಿದ ಹಾಗೆ ಬಿಳಿಯ ಹುಳ, ಉದ್ದ ಕಾಲು ಮಿಲಿಮೀಟರ್ ಅಷ್ಟೇ. ಬರಿಗಣ್ಣಿಗೆ ಕಾಣುವುದೇ ಇಲ್ಲ. ಥ್ರಿಪ್ಸ್ ಆರು ಕಾಲಿನ ಕೀಟ, ಹುಡುಕಿದರೆ ಕಣ್ಣಿಗೆ ಸಿಗುತ್ತದೆ. ಅದು ಕೆರೆದು ರಸ ಹೀರಿದರೆ ಎಲೆ ಮೇಲೆ ಬೆಳ್ಳಿ ಬಣ್ಣದ ಮಚ್ಚೆ. ಮೈಟ್ ಜೇಡನ ಬಳಗ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ನಮ್ಮ ತೆಂಗನ್ನೂ ಹಾಳು ಮಾಡಿದ ನುಸಿಯಿದೆಯಲ್ಲ, ಇದು ಅದರ ದಾಯಾದಿ. ಕೀಟದ ಔಷಧ ಎಲ್ಲವೂ ಮೈಟಿಗೆ ನಾಟುವುದಿಲ್ಲ. ಮೆಣಸಿನಕಾಯಿ ಬೆಳೆಗಾರರಿಗೆ ಇದು ಗೊತ್ತು: ಎಲೆ ಮೇಲಕ್ಕೆ ಮುದುಡಿದರೆ ಥ್ರಿಪ್ಸ್, ಕೆಳಕ್ಕೆ ಮುದುಡಿದರೆ ಮೈಟ್. ಬಳ್ಳೊಳ್ಳಿಯಲ್ಲಿ ನನಗೆ ಅದು ಹೊಳೆಯಲಿಲ್ಲ.

ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 3 ಗ್ರಾಂ ಹಾಕಿ ಸಂಜೆ ಹೊತ್ತು ಸಿಂಪಡಿಸಿದೆವು. ಉರಿಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಹೊಸ ಎಲೆ ಸ್ವಲ್ಪ ನೆಟ್ಟಗೆ ಬಂತು. ಮಡಿಕೆಯೊಳಗೆ ಕೂತಿದ್ದಕ್ಕೆ ಮದ್ದು ಮುಟ್ಟುವುದು ಕಷ್ಟ. 2024ರ ಶುರುವಿನಲ್ಲಿ ಬಳ್ಳೊಳ್ಳಿ ಕೆಜಿಗೆ 400 ರೂಪಾಯಿ ಮುಟ್ಟಿದಾಗ ನನ್ನ ಕೈಗೆ ಬಂದದ್ದು ಗೋಲಿಯಂಥ ಗಡ್ಡೆ. ಮನೆಯವಳು ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು.

ಹುಳ ಬಂದದ್ದು ಎಲ್ಲಿಂದ? ಬೀಜದಿಂದಲೇ. ಬಳ್ಳೊಳ್ಳಿಗೆ ಎಸಳೇ ಬೀಜ. ಸಿಪ್ಪೆಯೊಳಗೆ ಕೂತು ಅಟ್ಟದಲ್ಲೇ ಸಂಸಾರ ಬೆಳೆಸಿ, ಊರಿದ ಮೇಲೆ ಮೊಳಕೆಯ ಜತೆಗೇ ಮೇಲೆ ಬರುತ್ತದೆ. ಬೆಚ್ಚಗಿದ್ದರೆ ಎಂಟು ಹತ್ತು ದಿನಕ್ಕೊಂದು ತಲೆಮಾರು. ಉಳ್ಳಾಗಡ್ಡಿಯನ್ನು ಕರಿ ಬೀಜದಿಂದ ಸಸಿ ಮಾಡುವವರಿಗೆ ಈ ದಾರಿಯ ಭಯವಿಲ್ಲ. ಆದರೆ ಮಳೆಗಾಲದ ಉಳ್ಳಾಗಡ್ಡಿ ಎಲೆ ಸುರುಳಿ ಸುತ್ತಿದರೆ ಅದು ಶಿಲೀಂಧ್ರದ ತಿರುಚು ರೋಗವೂ ಆಗಿರಬಹುದು. ಮಸೂರ ಹಿಡಿಯದೆ ಮದ್ದು ತರಬೇಡಿ.

ಹೊಸ ಬೀಜ ತಂದುಬಿಡು ಅಂದವರೇ ಹೆಚ್ಚು. ನನಗೆ ಮನಸ್ಸಾಗಲಿಲ್ಲ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಗಿ ಎಲ್ಲರೂ ನೀರಿನ ಚಿಂತೆಯಲ್ಲಿದ್ದರು. ನಾನು ಹುಡುಕುತ್ತಿದ್ದದ್ದು ಥರ್ಮಾಮೀಟರ್. ಕೊನೆಗೆ ಹಾಲಿನ ಡೈರಿಯವರು ಬಳಸುವಂಥದ್ದೊಂದು ಸಿಕ್ಕಿತು.

ಕ್ರಮ ಇಷ್ಟು. ಊರುವ ಮುಂಚಿನ ದಿನ ಎಸಳು ಬಿಡಿಸಿ, ಕಲೆ ಇದ್ದದ್ದು, ಹಗುರಾದದ್ದು ತೆಗೆದು ಸುಟ್ಟೆ. ಸ್ನಾನದ ಹಂಡೆಯಲ್ಲಿ ನೀರು ಕಾಯಿಸಿ 55 ಡಿಗ್ರಿಗೆ ತಂದೆ. ಬಲೆಚೀಲದಲ್ಲಿ ಮೂರು ಮೂರು ಕೆಜಿ ಹಾಕಿ 10 ನಿಮಿಷ ಮುಳುಗಿಸಿದೆ. ಎಸಳು ಬಿದ್ದ ಕೂಡಲೇ ನೀರಿನ ಕಾವು ಇಳಿಯುತ್ತದೆ. ಪಕ್ಕದಲ್ಲಿ ಕುದಿನೀರಿನ ತಂಬಿಗೆ ಇರಬೇಕು, ಸುರಿಯುತ್ತಾ ಕಲಕುತ್ತಿರಬೇಕು. ಆಮೇಲೆ ತಣ್ಣೀರಲ್ಲಿ ಅದ್ದಿ ನೆರಳಲ್ಲಿ ಹರವಿದೆ. ಮೊದಲ ಚೀಲದಲ್ಲಿ ಕಾವು 60 ದಾಟಿ ಎಸಳು ಬೆಂದೇ ಹೋಯಿತು. ಅದು ಸಾರಿಗೆ.

ಹೋಲಿಸಿ ನೋಡಲು ಎರಡು ಮಡಿಗೆ ಸ್ನಾನ ಮಾಡಿಸದ ಎಸಳು ಊರಿದೆ. ಈ ಹುಳ ಗಾಳಿಯಲ್ಲೂ ಹಾರುತ್ತದೆ. ಚಳಿಗಾಲದಲ್ಲಿ ನಮ್ಮಲ್ಲಿ ಗಾಳಿ ಮೂಡಣದ್ದು, ಹಾಗಾಗಿ ಆ ಮಡಿ ಪಡುವಣದ ತುದಿಗೆ. ಜನವರಿಯಲ್ಲಿ ಆ ಎರಡು ಮಡಿ ಮತ್ತೆ ಕುಣಿಕೆ ಹಾಕಿದವು. ಉಳಿದದ್ದರಲ್ಲಿ ಅಲ್ಲೊಂದು ಇಲ್ಲೊಂದು. ಅವನ್ನು ಕಿತ್ತು ಸುಟ್ಟೆ. ಈ ಮೈಟು ವೈರಸ್ಸನ್ನೂ ಹೊತ್ತು ತರುತ್ತದೆ, ಬಿಸಿನೀರಿಗೆ ವೈರಸ್ ಹೋಗುವುದಿಲ್ಲ.

ಮಣ್ಣಿನಲ್ಲಿ ಇನ್ನೊಂದು ಜಾತಿಯಿದೆ: ಗಡ್ಡೆಯ ಬುಡ ತಿನ್ನುವ, ಮುತ್ತಿನ ಹಾಗೆ ಹೊಳೆಯುವ, ಎಂಟು ಕಾಲಿನದು. ಕೊಳೆಯುವ ಕಸದಲ್ಲಿ ಬದುಕುತ್ತದೆ. ಅರೆಬೆಂದ ಗೊಬ್ಬರ ಹಾಕಬಾರದು, ಉಳ್ಳಾಗಡ್ಡಿ ಕಿತ್ತಲ್ಲೇ ಬಳ್ಳೊಳ್ಳಿ ಊರಬಾರದು. ನೀರು ನಿಲ್ಲಿಸಿದರೆ ಮಣ್ಣಿನಲ್ಲಿ ಇದು ಕಮ್ಮಿಯಾಗುತ್ತದೆ. ಅದಕ್ಕೇ ಆ ತುಂಡಿಗೆ ನಡುವೆ ಒಂದು ಭತ್ತ ಹಾಕುತ್ತಿದ್ದೇನೆ.

2025ರ ಮಾರ್ಚಿನಲ್ಲಿ ಕಿತ್ತಾಗ ಬೀಜಕ್ಕೆ 12 ಕೆಜಿ ಎತ್ತಿಟ್ಟೆವು. ತಿನ್ನುವ ಗಡ್ಡೆಯ ಜತೆ ಬೆರೆಸದೆ ಬೇರೆ ಕೋಣೆಯಲ್ಲಿ, ಗಾಳಿಯಾಡುವ ಹಾಗೆ ತೂಗು ಹಾಕಿದೆವು. ಮಸೂರ ಈಗ ಮನೆಯಲ್ಲಿಲ್ಲ. ಮೆಣಸಿನಕಾಯಿ ನೋಡುತ್ತೇನೆಂದು ಪಕ್ಕದ ಹೊಲದವರು ಒಯ್ದರು.