ಜಾಲ ತಲಪದ ಊರಿಗೆ ಗ್ರಂಥಭಂಡಾರ

ನಗರವಾಸಿಗಳಾದ ನಮಗೆ ಯಾವ ಸಂಶಯ ಮೂಡಿದರೂ ಕೈಯಲ್ಲಿನ ಮೊಬೈಲಿನಿಂದ ಒಡನೆಯೇ ಉತ್ತರ ದೊರೆಯುತ್ತದೆ. ಆದರೆ ಅಂತರಜಾಲವೇ ಸುಳಿಯದ ಮಲೆಯ ಮಡಿಲಿನಲ್ಲಿಯೂ ನಡುಗಡ್ಡೆಗಳಲ್ಲಿಯೂ ಓದುವ ಮಕ್ಕಳ ಗತಿಯೇನು?

ಜಾಲವನ್ನು ಅಲ್ಲಿಗೆ ಒಯ್ಯಲಾಗದಿದ್ದರೆ ಗ್ರಂಥಭಂಡಾರವನ್ನೇ ಒಯ್ಯಬಹುದಲ್ಲವೆ? ೨೦೦೭ರಲ್ಲಿ ಎಮ್ಯಾನುಯೆಲ್ ಎಂಗೆಲ್ಹಾರ್ಟ್ ಹಾಗೂ ಅವರ ಸಂಗಡಿಗರು ಆರಂಭಿಸಿದ ‘ಕೀವಿಕ್ಸ್’ ಈ ಕಾರ್ಯವನ್ನು ಸಾಧಿಸಿದೆ. ಚಿತ್ರಸಹಿತವಾದ ಇಂಗ್ಲಿಷ್ ವಿಕಿಪೀಡಿಯ ಸುಮಾರು ೧೦೦ ಗಿಗಾಬೈಟುಗಳಲ್ಲಿ ಅಡಕವಾಗಿ, ಉಗುರಿನಗಲದ ಮೆಮೊರಿ ಕಾರ್ಡಿನಲ್ಲಿ ಹಿಡಿಸುತ್ತದೆ. ಅದನ್ನು ಅಂಗೈಯಷ್ಟಿರುವ ಕಂಪ್ಯೂಟರಿಗೆ ಸೇರಿಸಿದರಾಯಿತು; ಅದರ ವೈಫೈ ಮೂಲಕ ಕೊಠಡಿಯಲ್ಲಿರುವವರೆಲ್ಲರೂ ತಮ್ಮ ಮೊಬೈಲುಗಳಲ್ಲಿ ಓದಬಹುದು. ಜಾಲದ ಸಂಪರ್ಕವೂ ಬೇಡ, ಡೇಟಾದ ಖರ್ಚೂ ಇಲ್ಲ. ವಿದ್ಯುತ್ತಿಲ್ಲದೆಡೆಗೂ ಉಪಾಯವುಂಟು. ಅಮೆರಿಕದ ಅರಿಜೋನ ಸ್ಟೇಟ್ ವಿಶ್ವವಿದ್ಯಾಲಯದ ಲಾರಾ ಹಾಸ್ಮನ್ ರೂಪಿಸಿದ ‘ಸೋಲಾರ್‌ಸ್ಪೆಲ್’ ಎಂಬ ಇಂತಹುದೇ ಪೆಟ್ಟಿಗೆ ಬಿಸಿಲಿನಿಂದಲೇ ನಡೆಯುತ್ತದೆ; ಪೆಸಿಫಿಕ್ ಸಾಗರದ ವನುವಾಟು ದ್ವೀಪಗಳ ಶಾಲೆಗಳಿಗೂ ಅದು ತಲಪಿದೆ.

ಆದರೆ ಪೆಟ್ಟಿಗೆಯಲ್ಲಿ ತುಂಬಿದ್ದಷ್ಟೇ ಓದುಗನಿಗೆ ದಕ್ಕುವುದು. ಕೀವಿಕ್ಸಿನಲ್ಲಿ ಕನ್ನಡ ವಿಕಿಪೀಡಿಯವೂ ದೊರೆಯುತ್ತದೆ, ನಿಜ. ಇಂಗ್ಲಿಷಿನಲ್ಲಿ ೬೦ ಲಕ್ಷಕ್ಕೂ ಮೀರಿದ ಲೇಖನಗಳಿದ್ದರೆ, ೨೦೦೩ರಲ್ಲಿ ಜನಿಸಿದ ನಮ್ಮದರಲ್ಲಿರುವುದು ೩೦ ಸಾವಿರದ ಆಸುಪಾಸು! ಇಂಗ್ಲಿಷ್ ಬಾರದ ಹಳ್ಳಿಯ ಹುಡುಗಿಯೊಬ್ಬಳು ತನ್ನ ಪಾಠದ ವಿಷಯವನ್ನು ಹುಡುಕಿ ಬರಿಗೈಯಲ್ಲಿ ಮರಳಿದರೆ, ದೋಷ ಪೆಟ್ಟಿಗೆಯದಲ್ಲ.

ವಿಕಿಪೀಡಿಯಕ್ಕೆ ಯಾರು ಬೇಕಾದರೂ ಬರೆಯಬಹುದು. ಜಾಲದ ಕೊರತೆಯನ್ನು ಯಂತ್ರ ನೀಗಿಸೀತು. ಬರಹದ ಕೊರತೆಯನ್ನು ನೀಗಿಸಬೇಕಾದವರು ಕನ್ನಡ ಬಲ್ಲ ವಿದ್ಯಾವಂತರಾದ ನಾವೇ.