ಗುರಿ ಸ್ಪರ್ಧೆಗೆ ಯಾವ ರಿವಾಲ್ವರ್?

ಆತ್ಮರಕ್ಷಣೆಗೆಂದು ಲೈಸೆನ್ಸ್ ಪಡೆದ ಗಿಡ್ಡ ನಳಿಕೆಯ ರಿವಾಲ್ವರ್ ಗುರಿ ಸ್ಪರ್ಧೆಗೆ ಸಾಲದು. ರಿವಾಲ್ವರಿಗೂ ಅವಕಾಶವಿರುವುದು 25 ಮೀಟರ್ ಸೆಂಟರ್ ಫೈರ್ ವಿಭಾಗದಲ್ಲಿ. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಜಸ್ಪಾಲ್ ರಾಣಾ ಚಿನ್ನ ಗೆದ್ದ ವಿಭಾಗಗಳಲ್ಲಿ ಇದೂ ಒಂದು.

ಅಂತರರಾಷ್ಟ್ರೀಯ ನಿಯಮದಂತೆ ನಳಿಕೆ 153 ಮಿ.ಮೀ. ಮೀರಬಾರದು, ಟ್ರಿಗರ್ 1000 ಗ್ರಾಂ ಭಾರ ತಡೆಯಬೇಕು. ಟ್ರಿಗರನ್ನು ತೀರಾ ಹಗುರ ಮಾಡಿಸಿಕೊಂಡವರು ತಪಾಸಣೆಯಲ್ಲೇ ಸಿಕ್ಕಿಬೀಳುತ್ತಾರೆ. ನಳಿಕೆ ಉದ್ದವಿದ್ದರೆ ಹಿಂದು-ಮುಂದಿನ ಸೈಟ್‌ಗಳ ಅಂತರ ಹೆಚ್ಚಿ, ಗುರಿ ಹಿಡಿಯುವಲ್ಲಿ ತಪ್ಪು ಕಡಿಮೆಯಾಗುತ್ತದೆ. ಹಿಂದಿನ ಸೈಟ್ ಸ್ಕ್ರೂ ತಿರುಗಿಸಿ ಹೊಂದಿಸುವಂತಿರಲಿ. .38ಕ್ಕಿಂತ .32ರ ಒದೆತ ಕಡಿಮೆ. ಚಪ್ಪಟೆ ಮೂತಿಯ ವಾಡ್‌ಕಟರ್ ಗುಂಡು ಕಾಗದದಲ್ಲಿ ದುಂಡಗೆ ತೂತು ಕೊರೆಯುವುದರಿಂದ ಅಂಕದ ತಕರಾರೂ ಇರದು.

ಎರಡನೇ ಹಂತದಲ್ಲಿ ಗುರಿ 3 ಸೆಕೆಂಡು ಕಾಣಿಸಿ 7 ಸೆಕೆಂಡು ಮರೆಯಾಗುತ್ತದೆ. ಪಿಸ್ತೂಲಾದರೆ ಮುಂದಿನ ಗುಂಡಿಗೆ ತಾನೇ ಸಿದ್ಧವಾಗುತ್ತದೆ. ರಿವಾಲ್ವರ್ ಹಿಡಿದವರು ಅಷ್ಟರೊಳಗೆ ಹೆಬ್ಬೆರಳಿನಿಂದ ಹ್ಯಾಮರ್ ಎಳೆಯಬೇಕು. ಹಿಡಿತ ಸಡಿಲಿಸದೆ ಅದು ಎಟುಕುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿ ಹಣ ಕೊಡುವುದು ಲೇಸು.